ಪೆಟ್ರೋಲ್ ಕ್ಯಾನಿನ ತಂತಿ

ಮಾಧವರಂ, ಮದ್ರಾಸು
೧೪-೩-೧೯೭೯

ಚಿ. ಸೌ. ಜಯದೇವಿಗೆ ನಂಜುಂಡಯ್ಯನ ಆಶೀರ್ವಾದಗಳು.

ಇದನ್ನು ಓದಿ ನಿನ್ನ ಯಜಮಾನ ಮುರುಗೆಪ್ಪನಿಗೂ ತೋರಿಸು. ಹೊಲಕ್ಕೆ ಔಷಧಿ ಸಿಂಪಡಿಸುವ ನಮ್ಮ ಸಣ್ಣ ವಿಮಾನಕ್ಕೆ ಕ್ಯಾನಿನಿಂದ ಪೆಟ್ರೋಲ್ ಸುರಿಯುವ ಮುನ್ನ, ಕ್ಯಾನಿಗೂ ವಿಮಾನಕ್ಕೂ ತಾಮ್ರದ ತಂತಿ ಸಿಕ್ಕಿಸಬೇಕು. ಇಲ್ಲದಿದ್ದರೆ ಕಿಡಿ ಹಾರಬಹುದು. ಕಾಲೇಜಿನಲ್ಲಿ ಸ್ಟ್ಯಾಟಿಕ್ ಎಲೆಕ್ಟ್ರಿಸಿಟಿ ಎಂದು ಓದಿದ್ದೆ, ಲಾ ಆಫ್ ಏನೋ ಒಂದು.

ಮುರುಗೆಪ್ಪ ತಂತಿ ಮರೆತು ಕೈ ಸುಟ್ಟುಕೊಂಡ, ಕೆಲಸವೂ ಹೋಯಿತು ಎಂದು ನೀನು ನಂಬಿದ್ದೀಯ. ಅವನು ಮರೆಯಲಿಲ್ಲ. “ತಂತಿ ಎಲ್ಲೈತ್ರಿ ಕಾಕಾ?” ಎಂದು ನನ್ನನ್ನೇ ಕೇಳಿದ. “ಇವತ್ತೊಂದಿನ ಹಾಗೇ ಸುರಿಯೋ, ಪೈಲಟ್ ಕಾಯ್ತಿದಾರೆ” ಎಂದವನು ನಾನು.

ತಂತಿ ನನ್ನ ಮನೆಯಲ್ಲಿತ್ತು. ನನ್ನಾಕೆ ಅನಸೂಯ ತೀರಿಹೋದ ಮೇಲೆ ಬಟ್ಟೆ ನಾನೇ ಒಗೆಯುತ್ತೇನಲ್ಲ, ಹಗ್ಗ ಹರಿದಿತ್ತೆಂದು ಅದನ್ನು ತಂದು ಕಟ್ಟಿದ್ದೆ. ವಿಚಾರಣೆಯಲ್ಲಿ “ನೋ ಐಡಿಯಾ ಸರ್” ಎಂದೆ. ಇಂಗ್ಲಿಷಿನಲ್ಲಿ ಸುಳ್ಳು ಸಲೀಸಾಗಿ ಬಂತು. ಮುರುಗೆಪ್ಪ ನನ್ನ ಹೆಸರೆತ್ತಲೇ ಇಲ್ಲ.

ಇಂದು ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟಿದ್ದೇನೆ. ಸೋಮವಾರ ಅವನನ್ನು ಕರೆಸುತ್ತಾರೆ, ತಪ್ಪದೆ ಕಳಿಸು.

ಮೊನ್ನೆ “ನಮ್ಮವರದ ತಪ್ಪು ಬಿಡ್ರಿ ಕಾಕಾ” ಎನ್ನುತ್ತ ನೀನು ಕೊಟ್ಟುಹೋದ ಹೋಳಿಗೆ ಡಬ್ಬಿಯನ್ನು ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ. ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ ತೆಗೆದುಕೊಂಡು ಹೋಗಮ್ಮ.

ಇಂತಿ,
ನಂಜುಂಡಯ್ಯ