ಗೋಡೆಗೆ ಎರಚಿದ ನೀರು

ಫೆಬ್ರವರಿ 3, ಬೆಳಿಗ್ಗೆ 6
ಮಂಡಿಗೆ ಎಣ್ಣೆ. ಸೊಂಟಕ್ಕೆ ಬೆಲ್ಟು. ಹೊರಡಬೇಕು. ಜ್ವಾಲಾಮುಖಿ ಯಾವ ಕಾಲದಲ್ಲೋ ಉಗುಳಿ ತಣ್ಣಗಾಗಿದೆ, ನಾನು ಮಾತ್ರ ಅದರ ಕರಿಕಲ್ಲಿನ ಮೇಲೆ ಇನ್ನೂ ಏಗಬೇಕು. ಗವಿಗೆ ಎರಡು ಗಂಟೆ ನಡಿಗೆ. ಮೂವತ್ತೊಂದು ವರ್ಷದ ಹಿಂದೆ ಒಂದೇ ಗಂಟೆ. ಗವಿಯೇನೂ ದೂರ ಹೋಗಿಲ್ಲ, ನನಗೆ ಅರವತ್ತೆರಡಾಗಿದೆ.

ಕೆಲಸ ಇಷ್ಟೇ. ಗವಿಯ ಗೋಡೆಯಲ್ಲಿ ಯಾವುದೋ ಕಾಲದವರು ಒತ್ತಿದ ಕೆಂಪು ಅಂಗೈ ಗುರುತುಗಳಿವೆ. ಅವುಗಳ ಫೋಟೋ ಮೊದಲು ತೆಗೆದವಳು ನಾನು. ಈಗ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಬೇಕು. ಎರಡನ್ನೂ ಹೋಲಿಸಿ ಇಲಾಖೆ ತೀರ್ಮಾನ ಮಾಡುತ್ತದಂತೆ: ಗವಿಯ ಬಾಯಿಗೆ ಗೋಡೆ ಕಟ್ಟುವುದೋ, ಬೀಗದ ಕೈ ಹಿಂದೆ ಗವಿ ಕಾಯುತ್ತಿದ್ದ ಗವಿಯಮ್ಮನ ಮನೆಯವರಿಗೇ ವಾಪಸ್ ಕೊಡುವುದೋ ಅಂತ.

ಫೆಬ್ರವರಿ 4
ನೋಡಿದೆ. ನೋಡಬಾರದಿತ್ತು. ಗೋಡೆ ತುಂಬ ಬಿಳಿ ಉಪ್ಪಿನ ಪದರ. ನಲವತ್ತು ಅಂಗೈಯಲ್ಲಿ ಕಾಣುವುದು ಆರೋ ಏಳೋ.

ಗವಿಯಮ್ಮನನ್ನೂ ಇವತ್ತು ಒಳಗೆ ಬಿಟ್ಟರು. ತಲೆತಲಾಂತರದಿಂದ ಗವಿ ಕಾಯ್ದ ಮನೆ ಅವರದು. ಎಪ್ಪತ್ತು ದಾಟಿದೆ. ಹನ್ನೊಂದು ವರ್ಷದ ಹಿಂದೆ, ಇವರ ಮನೆಯವರು ನೀರು ಎರಚಿ ಗೋಡೆ ಕೆಡಿಸಿದರು ಅಂತ ಇಲಾಖೆ ಕೀಲಿ ಕಿತ್ತುಕೊಂಡು ಕಬ್ಬಿಣದ ಗೇಟು ಹಾಕಿತು. ಅವತ್ತಿನಿಂದ ಆಕೆ ಒಳಗೆ ಬಂದಿದ್ದು ಇದೇ ಮೊದಲು.

ಬರಿ ಗೋಡೆಯನ್ನೇ ತೋರಿಸುತ್ತಾ ಹೋದರು. "ಇದು ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಕೈ. ಇದು ಒಂದು ಬೆರಳಿಲ್ಲದೋನು, ಮಹಾ ಜಗಳಗಂಟ. ಇಲ್ಲಿ ಅವನ ಹೆಂಡತಿ..." ಅಲ್ಲಿ ಬರಿ ಬಿಳಿ ಉಪ್ಪು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಫೋಟೋದಲ್ಲಾದರೂ ಇದ್ದಾಳಾ, ಫೋಟೋದಮ್ಮಾ?"

ಇದ್ದಾರೆ ಅಂದೆ. ಕ್ಯಾಮೆರಾ ಸರಿಮಾಡುವ ನೆಪದಲ್ಲಿ ಆಚೆ ಬಂದೆ.

ಫೆಬ್ರವರಿ 5, ಮಧ್ಯಾಹ್ನ
ಬರೆದೇ ಬಿಡುತ್ತೇನೆ, ಯಾರು ಓದಬೇಕು ಇದನ್ನ. ನೀರು ಎರಚಿದವಳು ನಾನು.

ಆಗ ರೀಲಿನ ಕಾಲ. ಒಣ ಗೋಡೆಯಲ್ಲಿ ಆ ಕೆಂಪು ಸಪ್ಪೆ. ಒದ್ದೆ ಮಾಡಿದರೆ ನಿನ್ನೆ ಬಳಿದ ಹಾಗೆ ಎದ್ದು ಬರುತ್ತಿತ್ತು. ನಮ್ಮ ಕಸುಬಿನವರೆಲ್ಲ ಹಾಗೇ ಮಾಡುತ್ತಿದ್ದರು. ಒಂಬತ್ತು ದಿನ, ದಿನಕ್ಕೆ ಎರಡು ಕೊಡ. ಇಲ್ಲಿಯ ಬಾವಿ ನೀರು ಉಪ್ಪು. ಕಲ್ಲು ಕುಡಿಯಿತು, ವರ್ಷಗಟ್ಟಲೆ ನಿಧಾನಕ್ಕೆ ಕಕ್ಕಿತು.

ಗೊತ್ತಿರಲಿಲ್ಲ ಅಂತ ಹೇಳಬಹುದು. ಅದೂ ಅರ್ಧ ಸುಳ್ಳು. ಇಂಥ ಗೋಡೆಗೆ ನೀರು ಹಾಕಿದರೆ ಏನಾಗುತ್ತದೆ ಅಂತ ಕೆಲವು ವರ್ಷದ ಮೇಲೆ ಒಂದು ಲೇಖನ ಓದಿದೆ. ಓದಿ, ಮಡಚಿಟ್ಟು, ಕಾಫಿ ಮಾಡಿಕೊಂಡೆ. ಅಷ್ಟರಲ್ಲಿ ಆ ಫೋಟೋಕ್ಕೆ ಬಹುಮಾನ ಬಂದಾಗಿತ್ತು. ಇವರ ಕೀಲಿ ಹೋದ ಸುದ್ದಿಯೂ ಪೇಪರಿನಲ್ಲಿ ಓದಿದೆ. ಆಗಲೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

ಫೆಬ್ರವರಿ 6
ಇಲಾಖೆಯ ಅಧಿಕಾರಿ ಬಂದಿದ್ದ. ಪಾಪ, ನೆಗಡಿ. ಮೂಗೊರೆಸಿಕೊಳ್ಳುತ್ತಲೇ ಟೈಪು ಮಾಡಿದ ಹಾಳೆ ಮುಂದಿಟ್ಟ. "ಒಂದು ಸಹಿ ಅಷ್ಟೇ ಮೇಡಂ. ನೀವು ಬಂದಾಗ ಗೋಡೆ ಚೆನ್ನಾಗಿತ್ತು, ಆಮೇಲೆ ಇಲ್ಲಿಯೋರು ಕೆಡಿಸಿದ್ರು ಅಂತ."

"ಅವರೇ ಅಂತ ಹೇಗೆ ಹೇಳ್ತೀರಿ?"

"ಅವರೇ ಒಪ್ಪಿಕೊಂಡಿದ್ದಾರಲ್ಲ! ಫೈಲಿನಲ್ಲಿ ಆ ಯಮ್ಮನ ಹೆಬ್ಬೆಟ್ಟಿದೆ."

ಮಾಡದ ತಪ್ಪಿಗೆ ಹೆಬ್ಬೆಟ್ಟು ಯಾಕೆ ಒತ್ತಿದರು? ಹನ್ನೊಂದನೇ ತಾರೀಕು ಬಂದು ಹಾಳೆ ಒಯ್ಯುತ್ತಾನಂತೆ.

ಫೆಬ್ರವರಿ 10, ಸಂಜೆ
ಮೂರು ದಿನ ಜ್ವರ ಅಂತ ಹೇಳಿ ಮಲಗಿದ್ದೆ. ಜ್ವರ ಇರಲಿಲ್ಲ. ಗವಿಯಮ್ಮ ಗಂಜಿ ತಂದುಕೊಟ್ಟರು, ಮೂರು ದಿನವೂ. ಇವತ್ತಿನದನ್ನು ಪಕ್ಕಕ್ಕಿಟ್ಟು ಹೇಳಿಬಿಟ್ಟೆ.

"ಅಕ್ಕಾ, ಗೋಡೆಗೆ ನೀರು ಹಾಕಿದ್ದು ನಾನು. ಕೆಟ್ಟಿದ್ದು ಅದರಿಂದಲೇ."

"ಗೊತ್ತು. ಹೊತ್ತು ತಂದೋಳು ನಾನೇ ಅಲ್ವಾ? ಮರೆತುಬಿಟ್ರಾ?"

ಮರೆತಿದ್ದೆ. ಕೊಡ ನೆನಪಿತ್ತು. ಹೊತ್ತವರ ಮುಖ ನೆನಪಿರಲಿಲ್ಲ.

"ನಿಮ್ಮ ಮನೆಯೋರು ನೀರು ತಂದ್ರಾ ಅಂತ ಆಫೀಸಿನೋರು ಕೇಳಿದ್ರು. ತಂದಿದ್ದು ನಿಜ ತಾನೇ. ಹೌದು ಅಂದೆ, ಹೆಬ್ಬೆಟ್ಟು ಒತ್ತಿಸಿಕೊಂಡ್ರು."

"ನಾನು ಕೇಳಿದ್ದಕ್ಕೆ ತಂದೆ ಅನ್ನಬಾರದಿತ್ತಾ?"

"ನೀವು ಹೊರಗಿನೋರು, ನಿಮಗೇನು ಗೊತ್ತು. ಬೇಡ ಅನ್ನಬೇಕಾದೋಳು ನಾನು. ನಮ್ಮೋರ ಕೈಗಳು ಕಣಮ್ಮ ಅವು." ಗಂಜಿ ಪಾತ್ರೆ ಮುಚ್ಚಿದರು. ಆಮೇಲೆ, "ಕೀಲಿ ನನ್ನ ಮಗನ ಕೈಗೆ ಬರಬೇಕಿತ್ತು. ನನ್ನಿಂದ ಹೋಯ್ತು ಅಂತ ಅವನು ನನ್ನ ಹತ್ತಿರ ಮಾತು ಬಿಟ್ಟು ಹನ್ನೊಂದು ವರ್ಷ."

ಅವನ ಮನೆ ನನ್ನ ರೂಮಿನ ಎದುರಿಗೇ. ಗವಿಯಮ್ಮ ಇರುವುದು ಮಗಳ ಮನೆಯಲ್ಲಿ. ಅತ್ತುಬಿಟ್ಟೆ. ಅವರೇ ಬೆನ್ನು ಸವರಿದರು, ಅದು ಇನ್ನೂ ನಾಚಿಕೆ.

ಫೆಬ್ರವರಿ 11, ಬೆಳಿಗ್ಗೆ 10
ಅಧಿಕಾರಿಯ ಹಾಳೆ ಹರಿದು ಹಾಕಿದೆ. ಬೇರೆ ಬರೆದೆ. ಒಂಬತ್ತು ದಿನ, ದಿನಕ್ಕೆ ಎರಡು ಕೊಡ, ಎರಚಿದವಳು ನಾನು, ಕೇಳಿ ತರಿಸಿಕೊಂಡವಳೂ ನಾನು. ಸಹಿ ಹಾಕಿದೆ. ಬಹುಮಾನ ಕೊಟ್ಟವರು ಏನು ಬೇಕಾದರೂ ಅಂದುಕೊಳ್ಳಲಿ.

ಅಧಿಕಾರಿಗೆ ಕೊಡುವ ಮೊದಲು ಗವಿಯಮ್ಮನ ಮಗನಿಗೆ ಓದಿ ಹೇಳಬೇಕು ಅನ್ನಿಸಿತು. ಹೋದೆ. ಒಳಗೆ ಬನ್ನಿ ಅನ್ನಲಿಲ್ಲ. ಜಗಲಿಯಲ್ಲೇ ನಿಂತು ಓದಿದೆ. ಅರ್ಧ ಆಗಿತ್ತು, ಬೀದಿಗೆ ಬೆನ್ನು ಹಾಕಿ ಕೂತಿದ್ದವನು ಎದ್ದ.

"ಅಮ್ಮ ಎಲ್ಲಿದ್ದಾಳೆ?"

"ಗಂಜಿ ತಂದು ನನ್ನ ರೂಮಿನ ಮೆಟ್ಟಿಲ ಮೇಲೆ ಕೂತಿದ್ದಾರೆ."

ಐವತ್ತರ ಗಂಡಸು, ಓಡಿದ. ನಾನು ಹಿಂದೆ ಹೋಗಲಿಲ್ಲ, ನನಗೆ ಅಲ್ಲೇನು ಕೆಲಸ. ಅವನ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಜೀಪು ಬಂದ ಸದ್ದು. ಕಾಯಲಿ. ಇಲ್ಲಿಂದ ಇಬ್ಬರೂ ಕಾಣುತ್ತಾರೆ. ಅವನು ಎರಡು ಮಾರು ದೂರದಲ್ಲಿ ನಿಂತುಬಿಟ್ಟಿದ್ದಾನೆ. ಗವಿಯಮ್ಮ ಕಂಬ ಹಿಡಿದುಕೊಂಡು ಎದ್ದರು. ಅವನು ಆ ಎರಡು ಮಾರು ದಾಟಿ ಹೋಗಿ ಅವರ ಕೈ ಹಿಡಿದ.