ಅನುಷಾಳ ತಲೆಯ ಸಿಕ್ಕು

ಭಾಗ್ಯನಗರ, ಕೊಪ್ಪಳ
೧೨ ಜುಲೈ ೨೦೨೪

ನಮ್ಮ ಕೊಪ್ಪಳ ಜಿಲ್ಲೆಯದೇ ಆದ, ಸಮುದ್ರವಿಲ್ಲದ ಮಂಗಳೂರಿನ ಮಹಾರಾಣಿ ನಾಹೀದಾ ಆಪಾಳ ಸನ್ನಿಧಾನಕ್ಕೆ,

ತಮ್ಮ ತಾಹೇರನ ಸಲಾಮು. ಪತ್ರ ತಡವಾಯಿತು. ಫೋನು ಮಾಡಿದರೆ ನೀನು "ಎಲ್ಲಾ ಛಲೋ ಅದೀವಿ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನಾದರೆ ನಡುವೆ ಇಡಲಿಕ್ಕಾಗದು ಎಂಬ ಬುದ್ಧಿ ನನಗೆ ಈಗ ಬಂತು.

ಅತಿ ಗಂಭೀರ ಸುದ್ದಿ: ನಮ್ಮ ಮನೆ ಇನ್ನು ಮನೆಯಲ್ಲ, ಸಂಸ್ಥೆ. ಪಡಸಾಲೆಯ ತುಂಬ ಮಕ್ಕಳು. ನನ್ನ ತಟ್ಟೆಗೆ ಒಬ್ಬ, ಮೊಬೈಲಿಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡಿದ್ದಾರೆ.

ಕಾರಣ ಅನುಷಾ. ಅಮ್ಮಿಯ ಜೊತೆ ವಿಗ್ಗಿನ ಕೂದಲ ಕಾರ್ಖಾನೆಯಲ್ಲಿ ಸಿಕ್ಕು ಬಿಡಿಸುವ ದುರುಗವ್ವನ ಮೊಮ್ಮಗಳು, ತಾಯಿಯಿಲ್ಲದವಳು. ಜ್ವರ ಬಂದು ಬಹಳ ದಿನ ಮಲಗಿದ್ದಾಗ ಬಾಚುವವರಿಲ್ಲದೆ ಕೂದಲು ಹಗ್ಗದಂತೆ ಗಂಟುಗಟ್ಟಿತು. ಅದು ದೇವಿಯ ಜಡೆ, ಹುಣ್ಣಿಮೆಗೆ ಮುತ್ತು ಕಟ್ಟಿಸಿ ಹುಡುಗಿಯನ್ನು ದೇವಿಗೆ ಬಿಡುತ್ತೇನೆ ಎಂದು ದುರುಗವ್ವ ಹಟ ಹಿಡಿದಳು. ಹಾಗೆ ಬಿಟ್ಟವರ ಬಾಳು ಕಡೆಗೆ ಯಾರ ಯಾರ ಕೈಗೆ ಬೀಳುತ್ತದೆಂದು ನಿನಗೆ ಹೇಳಬೇಕಿಲ್ಲ. ಕತ್ತರಿಸಿಬಿಡಿ ಎಂದ ಅವಳ ಸಾಲೆಯ ವಿರುಪಾಕ್ಷಿ ಮೇಷ್ಟ್ರನ್ನು ಮುದುಕಿ ಅಂಗಳದಿಂದಲೇ ಅಟ್ಟಿದಳು. ಅಮ್ಮಿ ನನ್ನನ್ನು ಕರೆದುಕೊಂಡು ಹೋಗಿ ಅವಳ ಮನೆಯ ಕಟ್ಟೆಯ ಮೇಲೆ ಕೂತಳು.

"ಕತ್ತರಿ ತಂದಿಯೇನು?" ಎಂದಳು ದುರುಗವ್ವ.

"ಇಲ್ಲವ್ವ, ಬರೇ ಎಣ್ಣಿ."

"ದೇವಿ ಜಡಿ ಬಿಚ್ಚಂಗಿಲ್ಲ, ಮುಮ್ತಾಜ."

"ಬಿಚ್ಚಲಿಲ್ಲಂದ್ರ ದೇವೀದು. ಬಿಚ್ಚಿದ್ರ ಹುಡುಗೀದು. ನೀನೂ ಹಿಡಿ ಒಂದು ಕಡಿ."

ಊರೂರಿನ ಕೂದಲು ಬಿಡಿಸಿದ ಆ ಇಬ್ಬರು ಒಂದೇ ತಲೆಗೆ ದಿನಗಟ್ಟಲೆ ಕೂತರು. ನಾನು ಎಣ್ಣೆ ಬಟ್ಟಲು ಹಿಡಿದು, ಒಳಗೆ ಸಿಕ್ಕ ಸಾಮಾನುಗಳನ್ನು ಸರಕಾರಿ ದನಿಯಲ್ಲಿ ಸಾರುತ್ತಿದ್ದೆ: "ಕಳೆದುಹೋದ ನಮ್ಮ ಕೋಳಿ, ಒಂದು. ತಹಶೀಲ್ದಾರರ ಜೀಪು, ಒಂದು."

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹುಡುಗಿ ಕೇಳಿದಳು, "ಜೀಪಿನ್ಯಾಗ ತಹಶೀಲ್ದಾರ ಅದಾನೇನ್ರಿ?"

ಕಡೆಗೆ ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಇಳಿಯಿತು. ದುರುಗವ್ವ ನಂಬಲಾರದೆ ಮತ್ತೆ ಮತ್ತೆ ಬಾಚಿದಳು, ಆಮೇಲೆ ತಾನೇ ಎರಡು ಹೆರಳು ಹಾಕಿದಳು. ಹುಣ್ಣಿಮೆಯ ದಿನ ಅನುಷಾ ಸಾಲೆಯಲ್ಲಿದ್ದಳು.

"ನಾ ಕೆಲಸಕ್ಕ ಹೋದ್ರ ಸಂಜಿಕ ಸಾಲಿ ಬಿಟ್ಟ ಮ್ಯಾಲ ಇಕಿನ್ನ ಯಾರು ನೋಡವರು?" ಎಂದಳು ಮುದುಕಿ. "ನಮ್ಮ ಮನಿಗೆ ಕಳಸು, ತಾಹೇರ ಅದಾನ" ಎಂದಳು ಅಮ್ಮಿ. ಮರುದಿನ ಅನುಷಾ ಪಕ್ಕದ ಮನೆಯ ಇನ್ನೊಬ್ಬಳ ಕೈ ಹಿಡಿದು ಬಂದಳು. ಆಮೇಲೆ ಕಾರ್ಖಾನೆಯ ಹೆಂಗಸರೆಲ್ಲ ಮಕ್ಕಳನ್ನು ತಂದುಬಿಟ್ಟರು. ಮೇಷ್ಟ್ರು ಸಂಸ್ಥೆಯ ನೋಂದಣಿಗೆ ಓಡಾಡುತ್ತಿದ್ದಾರೆ. ನಾನು 'ಅಖಿಲ ಭಾಗ್ಯನಗರ ಸಿಕ್ಕು ನಿವಾರಣಾ ಮಹಾಸಂಸ್ಥಾನ' ಎಂಬ ಹೆಸರು ಸೂಚಿಸಿದೆ. "ಮೊದಲು ಹುಡುಗರ ಮೂಗು ಒರಸು" ಎಂದಳು ಅಮ್ಮಿ.

ನಿನಗೂ ಮಕ್ಕಳಿಗೂ ಅಮ್ಮಿಯ ದುವಾ. ಭಾವನಿಗೆ ಸಲಾಮು.

ಇತಿ, ಸಂಬಳವಿಲ್ಲದ ಏಕೈಕ ನೌಕರ,
ತಾಹೇರ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಕೊನೆಯ ಗಂಟಿಗೆ ಬಂದಾಗ ಅಮ್ಮಿ ಅನುಷಾಳಿಗೆ, "ನಾಹೀದಾ, ಅಳ್ಳಾಡಬ್ಯಾಡ" ಎಂದುಬಿಟ್ಟಳು. ದುರುಗವ್ವ ತಲೆಯೆತ್ತಿ ನೋಡಿದಳು. ಅಮ್ಮಿ ಕೈ ನಿಲ್ಲಿಸದೆ ಹೇಳಿದಳು: "ನಿನಗ ಬುದ್ಧಿ ಹೇಳಾಕ ಬಂದೀನಿ ಅನಬ್ಯಾಡವ್ವ. ನನ್ನ ಮಗಳು ಸಾಲಿ ಬಿಡಂಗಿಲ್ಲ ಅಂತ ಅಳಾಕತ್ತಿದ್ಲು. ನಾ ಆಕಿ ಕೈ ಬಿಗಿ ಹಿಡದು ಮದಿವಿ ಮೆಹಂದಿ ಹಚ್ಚೀನಿ." ಆಪಾ, ಇದನ್ನು ನಿನ್ನೆದುರು ಹೇಳಲು ಅಮ್ಮಿಯಿಂದಾಗದು. ಮಾತು ನಿನಗೆ ಸೇರಬೇಕಾದದ್ದು, ಅದಕ್ಕೇ ಕಳಿಸುತ್ತಿದ್ದೇನೆ.