ಒರತೆಗುಡ್ಡದ ಜರಿಚಿಗುರು

ಒರತೆಗುಡ್ಡ,
ಮೂರನೆಯ ಚೈತ್ರ, ಕ್ರಿ.ಶ. ೨೨೪೭

ನಮಗಿಂತ ಮೊದಲು ಬಾಳಿದ ನಿಮಗೆಲ್ಲ ಕೆಂಚಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮೊದಲ ಮಳೆ ಬೀಳುವ ತನಕ ನಾವು ವೈಶಾಖ ಎನ್ನುವುದಿಲ್ಲ. ಈ ವರ್ಷ ಚೈತ್ರವೇ ಮೂರು ಸಲ ಬಂದಿದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಊರ ಶಾಲೆಯಲ್ಲಿ ಆರು ವರ್ಷ ಓದಿದವಳು ನಾನು. ಈ ಕಾಗದವನ್ನು ನಮ್ಮ ಗುಡ್ಡದ ದೇವಿ, ಅಮ್ಮನ ಪಾದದಡಿ ಇಡುತ್ತೇನೆ, ನಿಮಗೆ ಮುಟ್ಟಿಸುವುದು ಅವಳ ಚಿತ್ತ.

ನನ್ನದು ತೇವಗಾವಲಿನ ಕೆಲಸ. ಗುಡ್ಡದ ಯಾವ ಕಲ್ಲಿನ ಸಂದಿಯಲ್ಲಿ ಇನ್ನೂ ಪಸೆ ಇದೆ ಎಂದು ಬೆಳಗಾಗುತ್ತಲೇ ಕೈಯಿಟ್ಟು ನೋಡಿ ಬಂದು ಊರಿಗೆ ಹೇಳಬೇಕು. ಆಮೇಲೆ ಎಲ್ಲರೂ ನೆರಳುಬಟ್ಟೆಯ ಕೆಳಗೆ ಸೇರುತ್ತೇವೆ. ಮನೆ, ದನ, ಸೊಪ್ಪಿನ ಮಡಿ ಎಲ್ಲವನ್ನೂ ಮುಚ್ಚುವ ದೊಡ್ಡ ಚಪ್ಪರವದು. ಹೊತ್ತು ಏರಿದ ಮೇಲೆ ಹೊರಗೆ ಕಾಲಿಡುವವರಿಲ್ಲ.

ಹತ್ತೊಂಬತ್ತು ದಿನದ ಹಿಂದೆ ಅಮ್ಮನ ಗುಡಿಯ ಹಿಂದಿನ ಬಂಡೆಯ ಬುಡದಲ್ಲಿ ಜರಿಗಿಡ ಚಿಗುರಿದ್ದನ್ನು ಕಂಡೆ. ಏಳು ಚಿಗುರು. ಮೈತುಂಬ ಕಂದು ರೋಮ, ತುದಿ ಒಳಕ್ಕೆ ಸುತ್ತಿಕೊಂಡಿತ್ತು. ಒಂದು ಮಾತ್ರ ಅರ್ಧ ಬಿಚ್ಚಿ ಒಳಗಿನ ಎಳೆ ಹಸಿರು ತೋರಿಸುತ್ತಿತ್ತು. ಎಂಬತ್ತು ವರ್ಷದಿಂದ ಯಾರೂ ಕಾಣದ ಗಿಡ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ನಮ್ಮಲ್ಲಿ ಮೊದಲ ಹಸಿರು ದೇವಿಗೆ. ಅದನ್ನು ಪಾಲು ಮಾಡುವಂತಿಲ್ಲ, ಅರ್ಧ ಕೊಟ್ಟು ಅರ್ಧ ಉಳಿಸಿಕೊಂಡರೆ ಮೈಲಿಗೆ. ಹಾಗಾಗಿ ಮಿಂದು ಬಂದು, ಏಳನ್ನೂ ಕೊಯ್ದು, ಅಮ್ಮನ ಮುಡಿಗೇರಿಸಿದೆ. ಊರೇ ಬಂದು ಕೈಮುಗಿಯಿತು. ನಮ್ಮಲ್ಲೆಲ್ಲ ಹಿರಿಯಳಾದ ನೀಲಜ್ಜಿಯನ್ನು ಎತ್ತಿಕೊಂಡು ಬಂದರು. ಆಕೆ ನೋಡಿದ್ದೇ, "ಅಯ್ಯೋ ಮಾರಾಯ್ತಿ, ಬುಡದಲ್ಲಿ ಏನಾದ್ರೂ ಬಿಟ್ಯಾ, ಎಲ್ಲಾ ಬೋಳಿಸಿ ತಂದ್ಯಾ?" ಎಂದಳು. ಮುಡಿಯಲ್ಲಿದ್ದ ಏಳನ್ನೂ ತೋರಿಸಿದೆ. "ನಮ್ಮಜ್ಜಿ ಸ್ವಲ್ಪ ಬಿಟ್ಟೇ ಕೊಯ್ತಿದ್ಲು ಕಣೆ. ಎಷ್ಟು ಬಿಡ್ತಿದ್ಲು ಅಂತ ನಾನು ಕೇಳ್ಲಿಲ್ಲ. ಆಗ ಹಳ್ಳದ ತುಂಬಾ ಅದೇ ಇತ್ತು, ಯಾರು ಕೇಳ್ತಾರೆ?"

ಅಂದಿನಿಂದ ಅಲ್ಲಿ ಹೊಸ ಚಿಗುರು ಬಂದಿಲ್ಲ. ಬುಡ ಕಪ್ಪಗಾಗಿದೆ. ಸತ್ತಿದೆಯೋ, ಅದರ ಬಣ್ಣವೇ ಹಾಗೋ, ಹೇಳುವವರಿಲ್ಲ. ಅಮ್ಮನಿಗೆ ಕೊಟ್ಟದ್ದು ತಪ್ಪೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಸರಿಯೆಂದು ಹೇಳಿದರೆ ಎದೆ ಒಪ್ಪುವುದಿಲ್ಲ. ಪೂಜೆಗೆ ಕೂತರೂ ಆ ಬುಡವೇ ಕಣ್ಣಮುಂದೆ.

ನಿಮ್ಮ ಕಾಲದ ಅಡುಗೆ ಪುಸ್ತಕವೊಂದು ನಮ್ಮಲ್ಲಿದೆ. ಜರಿಚಿಗುರನ್ನು ಹೇಗೆ ತೊಳೆಯಬೇಕು, ಎಷ್ಟು ಬೇಯಿಸಬೇಕು, ಒಗ್ಗರಣೆಗೆ ಏನು ಹಾಕಬೇಕು, ಎಲ್ಲ ಇದೆ. ಗಿಡದಲ್ಲಿ ಎಷ್ಟು ಬಿಡಬೇಕೆಂಬ ಒಂದು ಸಾಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆಯುವುದೇಕೆ ಎಂದುಕೊಂಡಿರಬೇಕು ನೀವು. ನಾನಾದರೂ ಹಾಗೇ ಮಾಡುತ್ತಿದ್ದೆ.

ಈ ಚೈತ್ರದಲ್ಲಿ ನೀವು ಹಳ್ಳದ ದಂಡೆಗೆ ಹೋದಾಗ ಆ ಸುರುಳಿ ಕಂಡರೆ, ಸೊಪ್ಪು ಕೊಯ್ಯುವ ಹೆಂಗಸರನ್ನು ನಿಲ್ಲಿಸಿ, ಬುಡದಲ್ಲಿ ಎಷ್ಟು ಬಿಡುತ್ತೀರೆಂದು ಕೇಳಿ. ಅವರು ನಕ್ಕರೂ ಬಿಡಬೇಡಿ. ಹೇಳಿದ್ದನ್ನು ಬರೆದಿಡಿ. ಕೊಯ್ದ ಗಾಯಕ್ಕೆ ನೀರು ಸೋಕಬಹುದೇ ಎಂದೂ ಕೇಳಿ. ನಾನು ದಿನಾ ಒಂದು ಬೊಗಸೆ ನೀರು ಹಿಡಿದು ಅಲ್ಲಿಗೆ ಹೋಗುತ್ತೇನೆ, ಹಾಕಲು ಧೈರ್ಯ ಬಾರದೆ ಹಾಗೇ ವಾಪಸು ತರುತ್ತೇನೆ.

ಇಂತಿ,
ಕೆಂಚಮ್ಮ